ಒಲೆಯ ಮೇಲಿಟ್ಟ ಮದ್ದು

ತದಡಿಯ ಬೀರಪ್ಪ ಅಂಬಿಗನದು ಸಣ್ಣ ಮನೆತನವಲ್ಲ. ಅವನ ಅಜ್ಜ ತಿಮ್ಮಪ್ಪ, ಹೊಳೆ ಕೆಂಪಗೆ ಉಕ್ಕಿದ ಒಂದು ಆಷಾಢದಲ್ಲಿ, ಆಚೆ ದಡದಲ್ಲಿ ಹೆರಿಗೆ ಬೇನೆ ತಿನ್ನುತ್ತಿದ್ದವಳಿಗಾಗಿ ಸೂಲಗಿತ್ತಿಯನ್ನು ಕೂರಿಸಿಕೊಂಡು ಅಘನಾಶಿನಿ ದಾಟಿದವನು. ನಡುಹೊಳೆಯಲ್ಲಿ ಹುಟ್ಟು ಮುರಿದಾಗ ಕೂರುವ ಹಲಗೆಯನ್ನೇ ಕಿತ್ತು ಹುಟ್ಟು ಮಾಡಿಕೊಂಡನಂತೆ. ಅಪ್ಪ ಶುಕ್ರ, ಎರಡು ದೋಣಿ ಜೋಡಿಸಿ ಕಟ್ಟಿ ಮಾಮಲೇದಾರರ ಕುದುರೆಯನ್ನು ಗೊರಸು ಒದ್ದೆಯಾಗದಂತೆ ದಾಟಿಸಿದವನು. ಅಂಥವರ ಕುಡಿ ಬೀರಪ್ಪ. ನಮ್ಮ ದೋಣಿ ಹತ್ತಿದ ಜೀವ ಆಚೆ ದಡ ಕಾಣದೆ ಹೋದದ್ದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಆ ಬಾಯಿ ಮುಚ್ಚಿಹೋದ ಕತೆ ಇದು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಮೂರು ನಾಲ್ಕು ವರ್ಷ ಕಳೆದಿತ್ತು. ಬೀರಪ್ಪನ ಹೆಂಡತಿ ಕಾಳಿ ಗುಡ್ಡದಂಚಿಗೆ ಉದುರಿದ ಒಣ ಎಲೆಯ ದರಕು ಗುಡಿಸಿ ತರಲು ಹೋದಾಗ ಕಣಜದ ಹುಳು ಕುತ್ತಿಗೆಗೆ ಕಚ್ಚಿತು. ಹುಳು ಕಚ್ಚಿದರೆ ಊದುವುದು ಎಲ್ಲರಿಗೂ ಇದ್ದದ್ದೇ. ಆದರೆ ಕಾಳಿಗೆ ಮೈತುಂಬ ಗಂಧೆ ಎದ್ದಿತು, ತುಟಿ ದಪ್ಪವಾಯಿತು, ನಾಲಿಗೆ ಬಾಯಲ್ಲಿ ಹಿಡಿಯದಾಯಿತು, ಉಸಿರು ಸಿಳ್ಳೆ ಹಾಕತೊಡಗಿತು. ಬೀರಪ್ಪ ಅವಳನ್ನು ಹೊತ್ತು ದೋಣಿಗೆ ಹಾಕಿ ಹೊಳೆ ದಾಟಿಸಿದ. ದಡದಲ್ಲಿ ಪುಣ್ಯಕ್ಕೆ ಮೀನಿನ ಲಾರಿ ನಿಂತಿತ್ತು. ಕುಮಟೆಯ ನಾಗಪತಿ ಡಾಕ್ಟರು ಒಂದು ಚುಚ್ಚುಮದ್ದು ಕೊಟ್ಟರು. ನೋಡನೋಡುತ್ತಿದ್ದಂತೆ ಉಸಿರು ಬಿಚ್ಚಿಕೊಂಡಿತು.

ಕಾಳಿಯ ರಕ್ತಕ್ಕೆ ಈ ಹುಳುವಿನ ವಿಷ ಆಗಿಬರುವುದಿಲ್ಲ, ಇನ್ನೊಮ್ಮೆ ಕಚ್ಚಿದರೆ ಇದಕ್ಕಿಂತ ಜೋರಾಗಬಹುದು, ಆಗ ಲಾರಿ ಸಿಗದಿದ್ದರೆ ಕುಮಟೆ ಮುಟ್ಟುವವರೆಗೆ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ತಾವೇ ಒಂದು ಬಿಸ್ಕೀಟಿನ ಡಬ್ಬಿ ತಂದು ಅದರಲ್ಲಿ ಪೆಟ್ಟಿಗೆ ಸಜ್ಜು ಮಾಡಿದರು: ಗಾಜಿನ ಪಿಚಕಾರಿ, ಸೂಜಿಗಳು, ಹತ್ತಿ, ಸ್ಪಿರಿಟ್ಟು, ಕಪ್ಪು ಕಾಗದ ಸುತ್ತಿದ ಗಾಜಿನ ಕೊಳವೆಗಳಲ್ಲಿ ನೀರಿನಂಥ ಮದ್ದು, ಕೊಳವೆಯ ಕತ್ತು ಗೀರಲು ಚಿಕ್ಕದೊಂದು ಅರ. ಸೂಜಿ ಕುದಿಸುವುದು, ಮದ್ದು ಎಳೆಯುವುದು, ಚುಚ್ಚುವುದು, ಎಲ್ಲವನ್ನೂ ಸೌತೆಯಂಥ ಮೊಗೆಕಾಯಿಯ ಮೇಲೆ ಕಲಿಸಿದರು. ಬೀರಪ್ಪ ಕಣ್ಣು ಮುಚ್ಚಿಕೊಂಡು ಚುಚ್ಚುವುದನ್ನು ಕಂಡು ಮಂಚದ ಮೇಲಿದ್ದ ಕಾಳಿ ಎದ್ದು ಕೂತಳು.

"ಮೊಗೆಕಾಯಿಗೇ ಇಷ್ಟು ಹೆದರ್ತ್ರು ಇವ್ರು. ನಂಗೆ ಚುಚ್ಚುವಾಗ ಇವ್ರನ್ನ ಹಿಡ್ಕಳೂಕೆ ಬೇರೆ ಜನ ಬೇಕು" ಎಂದಳು. ಡಾಕ್ಟರೂ ನಕ್ಕುಬಿಟ್ಟರು.

ಹೊರಡುವಾಗ ಮಾತ್ರ ಅವರು ನಗಲಿಲ್ಲ. ಪೆಟ್ಟಿಗೆ ತಂಪಾದ, ಕತ್ತಲೆಯ ಜಾಗದಲ್ಲಿರಬೇಕು. ಚುಚ್ಚಿದ ಮೇಲೂ ತಡಮಾಡದೆ ಕರೆತರಬೇಕು. ಮದ್ದಿನ ಬಣ್ಣ ತಿರುಗಿದರೆ ಅದು ಕೆಟ್ಟಿತೆಂದೇ ಲೆಕ್ಕ. ಮಳೆಗಾಲ ಕಳೆದ ಕೂಡಲೆ ತಂದು ತೋರಿಸು, ಹೊಸದು ಕೊಡುತ್ತೇನೆ ಎಂದರು.

ಬೀರಪ್ಪ ಡಬ್ಬಿಯನ್ನು ನೀರಿನ ಕೊಡಗಳ ಹಿಂದೆ ಜೋಪಾನವಾಗಿಟ್ಟ. ಮಳೆ ಹಿಡಿಯಿತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಟ್ಟ ಬಟ್ಟೆಗೂ ಬೂಷ್ಟು ಬರುತ್ತದೆ. ಡಬ್ಬಿಯ ಅಂಚಿಗೆ ತುಕ್ಕು ಕಂಡಿತು, ಹತ್ತಿ ಮುಗ್ಗಲಾಯಿತು. ಇನ್ನು ಅಲ್ಲಿಡಬಾರದೆಂದು ಬೀರಪ್ಪ ಅದನ್ನು ಹೊರತೆಗೆದ. ಮಳೆಯಿಂದ ಉಳಿಯಬೇಕಾದ ವಸ್ತುವನ್ನು ನಮ್ಮಲ್ಲಿ ಎಲ್ಲಿಡುತ್ತಾರೆ? ಒಲೆಯ ಮೇಲಿನ ಅಟ್ಟದಲ್ಲಿ. ಬೀಜದ ಸೌತೆ, ಒಣಮೀನು, ಹುಣಸೆ, ಜಮೀನಿನ ಕಾಗದ, ಯಾವುದು ಹಾಳಾಗಬಾರದೋ ಅದೆಲ್ಲ ಅಲ್ಲಿಗೇ. ಹಾಗೆ ಕಾಳಿಯ ಜೀವವಿದ್ದ ಡಬ್ಬಿಯೂ ಅಲ್ಲಿಗೇ ಹೋಯಿತು. ಕತ್ತಲೆಯೂ ಇದೆ, ಒಣಗೂ ಇದೆ ಎಂದು ಅವನು ಸಮಾಧಾನಪಟ್ಟ. ಡಾಕ್ಟರು ಹೇಳಿದ ತಂಪೆಂದರೆ ಅವನ ಲೆಕ್ಕದಲ್ಲಿ ಥಂಡಿ, ಥಂಡಿಯೆಂದರೆ ಬೂಷ್ಟು. ಒಲೆಯ ಬಿಸಿ ಆ ಮದ್ದನ್ನು ದಿನವೂ ಬೇಯಿಸುತ್ತಿದೆ ಎಂದು ಹೊಳೆಯಲಿಲ್ಲ. ಹೊಗೆಯ ಮಸಿ ಕೂತರೆ ಕಾಳಿ ಸೆರಗಿನಿಂದ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು.

ಮಳೆ ನಿಂತಿತು. ಕುಮಟೆಗೆ ಹೋಗಿ ತೋರಿಸಿಕೊಂಡು ಬನ್ನಿ ಎಂದು ಕಾಳಿ ಒಂದೆರಡು ಸಲ ನೆನಪಿಸಿದಳು. ಕುಮಟೆಗೆ ಹೋಗುವವರನ್ನೆಲ್ಲ ದಿನ ಬೆಳಗಾದರೆ ದಾಟಿಸುತ್ತಿದ್ದವನು ಅವನೇ. ಆಚೆ ದಡಕ್ಕೆ ದಿನಕ್ಕೆ ಹತ್ತು ಸಲ ದೋಣಿಯ ಮೂತಿ ತಾಗಿಸುತ್ತಿದ್ದ. ಅಲ್ಲಿಂದ ಮುಂದೆ ಒಂದು ಹೊತ್ತಿನ ದಾರಿ. ದೋಣಿ ಬಿಟ್ಟು ಹೋದರೆ ಜನ ಕಾಯುತ್ತಾರೆ, ಸುಗ್ಗಿ ಮುಗಿಯಲಿ ಎಂದ. ಸುಗ್ಗಿಯೂ ಮುಗಿಯಿತು.

ಬೇಸಗೆಯ ಒಂದು ಮಧ್ಯಾಹ್ನ ಕಾಳಿ ಹಿತ್ತಲಿನ ಕಟ್ಟಿಗೆ ರಾಶಿಗೆ ಕೈ ಹಾಕಿದಳು. ಒಳಗೆ ಕಣಜದ ಗೂಡಿತ್ತು. ಕೂಗು ಕೇಳಿ ಬೀರಪ್ಪ ದಂಡೆಯಿಂದ ಓಡಿ ಬರುವಷ್ಟರಲ್ಲಿ ಅವಳ ಮುಖದ ಗುರುತೇ ಹತ್ತಲಿಲ್ಲ. ಕಲಿತದ್ದನ್ನು ಅವನು ಮರೆತಿರಲಿಲ್ಲ, ನೀರು ಕುದಿಯಲಿಟ್ಟ, ಡಬ್ಬಿ ಇಳಿಸಿದ, ಕಪ್ಪು ಕಾಗದ ಬಿಚ್ಚಿದ. ಕೊಳವೆಯಲ್ಲಿದ್ದದ್ದು ಹಾಲಿಲ್ಲದ ಚಾದ ಬಣ್ಣ. ಇನ್ನೊಂದು ಬಿಚ್ಚಿದ, ಅದೂ ಹಾಗೇ. ಚುಚ್ಚಿದರೆ ವಿಷವಾದೀತೋ, ಚುಚ್ಚದಿದ್ದರೆ ಜೀವ ಹೋದೀತೋ? ಕೊಳವೆ ಹಿಡಿದು ಕಲ್ಲಿನಂತೆ ನಿಂತ. ಕಾಳಿ ಅವನ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ ಕೊಳವೆ ಕೆಳಗೆ ಹಾಕಿ ಅವಳನ್ನು ಎತ್ತಿಕೊಂಡು ದೋಣಿಗೆ ಓಡಿದ. ಅಷ್ಟು ಬಿರುಸಿನಿಂದ ಅವನು ಎಂದೂ ಹುಟ್ಟು ಹಾಕಿರಲಿಲ್ಲ. ನಡುಹೊಳೆಯಲ್ಲಿ ಸಿಳ್ಳೆಯಂಥ ಉಸಿರು ನಿಂತಿತು.

ದಿನಗಳು ಕಳೆದ ಮೇಲೆ ಅವನು ಡಾಕ್ಟರ ಬಾಗಿಲಿಗೆ ಹೋಗಿ, ಆ ಚಾ ಬಣ್ಣದ್ದನ್ನೇ ಚುಚ್ಚಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದ. ಡಾಕ್ಟರು, ಹೇಳಲಾಗದು ಬೀರಪ್ಪಾ ಎಂದರು. ಇಲ್ಲ ಎಂದುಬಿಟ್ಟಿದ್ದರೆ ಅವನಿಗೆ ಒಂದಿಷ್ಟು ನಿದ್ದೆಯಾದರೂ ಬರುತ್ತಿತ್ತು.

ಅಂದೇ ಅವನು ಇನ್ನೊಂದು ಪೆಟ್ಟಿಗೆ ಕೇಳಿ ತಂದ. ಯಾರಿಗೆಂದು ಡಾಕ್ಟರು ಕೇಳಿದ್ದಕ್ಕೆ, ಈ ದಂಡೆಯಲ್ಲಿ ಯಾರಿಗಾದರೂ ಎಂದನಂತೆ. ದೋಣಿಕಟ್ಟೆಯ ಗುಡಿಸಲಿನ ನೆರಳಿನಲ್ಲಿ ಒದ್ದೆ ಮರಳು ಅಗೆದು ಮಡಕೆ ಹುಗಿದು, ಅದರೊಳಗೆ ಮುಚ್ಚಳ ಬಿಗಿದ ಭರಣಿಯಲ್ಲಿ ಮದ್ದಿಟ್ಟ. ಎರಡು ತಿಂಗಳಿಗೊಮ್ಮೆ ಅದನ್ನು ತೆಗೆದು ಪಂಚೆಯಲ್ಲಿ ಸುತ್ತಿ ಕುಮಟೆಗೆ ನಡೆದು, ತೋರಿಸಿ ಬರುತ್ತಿದ್ದ. ವರ್ಷಗಳು ಉರುಳಿದರೂ ಆ ಮದ್ದು ಯಾರಿಗೂ ಬೇಕಾಗಲಿಲ್ಲ. ಕೆಲವರು ಹಿಂದಿನಿಂದ ನಕ್ಕರು. ಅವನ ಮೊಣಕಾಲು ಹಿಡಿದುಕೊಂಡಿತು, ನಡಿಗೆ ಕುಂಟಾಯಿತು.

ಒಂದು ಬೆಳಿಗ್ಗೆ ಅವನು ಗಂಟು ಕಟ್ಟುತ್ತಿದ್ದಾಗ ಚಿಕ್ಕಪ್ಪನ ಮಗ ವೆಂಕಟ ತಡೆದ. "ನಾ ಹೆಂಗೂ ಕುಮಟೆ ಸಂತೆಗೆ ಹೋತೆ ಬೀರಣ್ಣ. ಇತ್ಲಾಗೆ ಕೊಡು, ತೋರ್ಸ್ಕಂಡು ಬತ್ತೆ. ನಿನ್ನ ಮೊಣಕಾಲು ನೋಡು, ಹಲಸಿನಕಾಯಿ ಆಗ್ಯದೆ."

ಬೀರಪ್ಪ ಗಂಟನ್ನು ಕಂಕುಳಿಗೆ ಸೇರಿಸಿದ.

"ಬ್ಯಾಡ ವೆಂಕಟಾ. ಅವ್ಳು ಹೋಗಿ ಬನ್ನಿ ಅಂದಾಗ ನನ್ನ ಕಾಲು ಗಟ್ಟಿ ಇತ್ತು, ಹೋಗ್ಲಿಲ್ಲ. ಈಗ ನೋವು ಅಂತ ನಿನ್ನ ಕೈಲಿ ಕೊಟ್ರೆ ಎಂತ ಆತು? ನೀ ದೋಣಿ ನೋಡ್ಕ, ನಾನೇ ಹೋತೆ."