ರಾಯರ ನೈಜ ಉತ್ಪನ್ನ

ಬೈಲಹೊಂಗಲದ ಪಾಂಡುರಂಗರಾಯರು ಸಂಖ್ಯಾಶಾಸ್ತ್ರ ಇಲಾಖೆಯ ನಿವೃತ್ತ ಅಧಿಕಾರಿಗಳು. ರಾಜ್ಯದ ವಿದ್ಯುತ್ತು, ನೀರು ಮತ್ತು ಅನಿಲ ಪೂರೈಕೆಯ ನೈಜ ಉತ್ಪನ್ನವನ್ನು, ಅಂದರೆ ದರದ ಏರಿಕೆಯನ್ನು ಕಳೆದು ಉಳಿಯುವ ನಿಜವಾದ ಉತ್ಪಾದನೆಯನ್ನು, ಲೆಕ್ಕ ಹಾಕುವುದರಲ್ಲೇ ಅವರ ಸೇವಾವಧಿ ಮುಗಿಯಿತು. ಕಳೆಯುವ ಚಟ ಮಾತ್ರ ಮುಗಿಯಲಿಲ್ಲ. ವಿದ್ಯುತ್ ವಲಯ ಭರ್ಜರಿಯಾಗಿ ಬೆಳೆದಿದೆಯೆಂದು ಪತ್ರಿಕೆಯಲ್ಲಿ ಬಂದರೆ, “ಬಿಲ್ ಬೆಳದದ, ಕರೆಂಟ್ ಎಲ್ಲಿ ಬೆಳದದ?” ಎಂದು ಗದರುತ್ತಾರೆ. ಮನೆಯೆದುರಿನ ಮಹಾಂತಪ್ಪನ ಹೋಟೆಲಿನಲ್ಲಿ ಚಹಾಕ್ಕೂ ಯಾವುದೋ ಹಳೆಯ ವರ್ಷದ ಸ್ಥಿರ ಬೆಲೆಯನ್ನೇ ಹೇಳುತ್ತಾರೆ. “ಹಂಗಾರ ಆವಾಗಿನ ಚಹಾನ ಕೊಡ್ಲೇನ್ರಿ ರಾಯರ? ಜರಾ ಆರಿರತೈತಿ ನೋಡ್ರಿ” ಎನ್ನುತ್ತಾನೆ ಮಹಾಂತಪ್ಪ. ರಾಯರ ಹೆಂಡತಿ ತಾರಾಬಾಯಿಯವರಿಗೆ ಶ್ವಾಸಕೋಶದ ಕಾಯಿಲೆ. ಅವರ ಉಸಿರಾಟಕ್ಕೆ ಆಮ್ಲಜನಕದ ಯಂತ್ರ ಓಡುತ್ತಿರಬೇಕು, ಯಂತ್ರಕ್ಕೆ ಕರೆಂಟ್ ಇರಬೇಕು. ಕರೆಂಟ್ ಹೋದೊಡನೆ ರಾಯರು ನಳಿಕೆಯನ್ನು ಪುಟ್ಟ ಸಿಲಿಂಡರಿಗೆ ಜೋಡಿಸಿ, ಅದು ಖಾಲಿಯಾಗುವ ಮೊದಲೇ ಕರೆಂಟ್ ಬರಲೆಂದು ಹೆಂಡತಿಯ ಪಕ್ಕದಲ್ಲೇ ಕುಳಿತುಬಿಡುತ್ತಾರೆ. ಕೊನೆಗೊಮ್ಮೆ ಓಣಿಗೆ ಓಣಿಯೇ “ಬಂತು!” ಎಂದು ಕೂಗಿದರೂ ಅವರು ಒಪ್ಪುವುದಿಲ್ಲ. “ಬಂತ್ರೀ ರಾಯರ, ಇದರಾಗೂ ಏನರ ಕಳೀತೀರೇನು?” ಎಂದು ಮಹಾಂತಪ್ಪ ಹೊರಗಿನಿಂದಲೇ ಕೆಣಕುತ್ತಾನೆ. ರಾಯರು ನಳಿಕೆಯನ್ನು ಮತ್ತೆ ಯಂತ್ರಕ್ಕೆ ಸಿಕ್ಕಿಸಿ, ಹೆಂಡತಿಯ ಮುಖಕ್ಕೆ ಬಾಗಿ, “ತಾರಾ, ಉಸುರು ಬಂತೇನ?” ಎಂದು ಕೇಳುತ್ತಾರೆ. ತಾರಾಬಾಯಿ ನಿಧಾನವಾಗಿ “ಬಂತು” ಎಂದ ಮೇಲಷ್ಟೇ ಅವರು ಬಾಗಿಲಿಗೆ ಬಂದು, “ಹೌದಪಾ ಮಹಾಂತಪ್ಪ, ಕರೆಂಟ್ ಬಂತು” ಎನ್ನುತ್ತಾರೆ.