ಬೆನ್ನಿನ ಮೇಲಿನ ಎಣ್ಣೆ ಕಲೆ

ಮೊನ್ನೆ ಶನಿವಾರ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು, ಕಾರು ಒರೆಸಲು ಹಳೆಯ ಬಟ್ಟೆ ಹುಡುಕುತ್ತಿದ್ದೆ. ಕಪಾಟಿನ ತಳದಿಂದ ಒಂದು ನೀಲಿ ಟೀಶರ್ಟು ಬಂತು. ಮಡಿಕೆ ಬಿಡಿಸಿದರೆ ಬೆನ್ನಿನ ನಡುವೆ ಅಂಗೈ ಅಗಲದ ಎಣ್ಣೆ ಕಲೆ. ಎಷ್ಟು ಸಲ ನೆನೆಹಾಕಿ, ಉಜ್ಜಿ, ಬಿಸಿಲಿಗೆ ಹರವಿದ್ದೆನೋ... ಹೋಗಿರಲೇ ಇಲ್ಲ. ಮೂಗಿಗೆ ಹಿಡಿದೆ. ಕಮಟು ತೆಂಗಿನೆಣ್ಣೆಯ ವಾಸನೆ ಸಣ್ಣಗೆ ಇನ್ನೂ ಇತ್ತು.

ಅದು ಕೆಳಗಿನ ಮನೆಯ ಅಂಕಲ್ ಅವರ ಕೈ.

ಆಗ ನಾನು ಒಮಾನಿನ ಘಾಲಾದ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿ ಸೇರಿ ಹೆಚ್ಚು ದಿನವಾಗಿರಲಿಲ್ಲ. ವಾಸ ಈಗಿನ ಹಾಗೆಯೇ ಅಮೇರಾತಿನ ಇದೇ ಕಟ್ಟಡದಲ್ಲಿ. ಹೆಂಡತಿ ಮಕ್ಕಳು ಕುಂದಾಪುರದಲ್ಲಿ. ಅಂಕಲ್ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಮರುಭೂಮಿಯ ತೈಲ ಕ್ಯಾಂಪೊಂದರಲ್ಲಿ ಬಹಳ ವರ್ಷ ಅಡುಗೆಮನೆ ನೋಡಿಕೊಂಡಿದ್ದಾಗ, ಅಲ್ಲಿದ್ದ ಅಮೆರಿಕದವರಿಂದ ಅವರ ಫುಟ್‌ಬಾಲ್ ಕಲಿತಿದ್ದರು. ಕಾಲಲ್ಲಿ ಒದೆಯುವುದಲ್ಲ, ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಎಸೆದು ಮುಂದೆ ಸಾಗಿಸುವ ಆಟ. ಶುಕ್ರವಾರ ಬಿಸಿಲೇರುವ ಮೊದಲು ಕಟ್ಟಡದ ಹಿಂದಿನ ಜಲ್ಲಿ ಮೈದಾನದಲ್ಲಿ ಊರ ಕಡೆಯವರನ್ನೆಲ್ಲ ಸೇರಿಸಿ ಆಡಿಸುತ್ತಿದ್ದರು. ನಾವು ಯಾರನ್ನೂ ಕೆಡವುತ್ತಿರಲಿಲ್ಲ, ಎರಡು ಕೈಯಲ್ಲಿ ಮುಟ್ಟಿದರೆ ಅಲ್ಲಿಗೆ ಆ ಸರದಿ ಮುಗಿಯಿತು.

ಒಮಾನಿನ ಸೆಕೆಗೆ ಚೆಂಡಿನ ಚರ್ಮ ಬಿರಿಯಬಾರದೆಂದು ಅದಕ್ಕೆ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಜಾರುತ್ತದೆ ಎಂದು ನಾವು ಗೊಣಗಿದರೆ, "ತಲೆಗೆ ಹಚ್ಚುದಿಲ್ವಾ? ಚೆಂಡು ಎಂತ ಪಾಪ ಮಾಡಿದೆ ಮಾರಾಯ?" ಎನ್ನುತ್ತಿದ್ದರು.

ಎಸೆಯುವವರು ಅವರು. ಅವರ ಮುಂದೆ ಗೋಡೆಯಾಗಿ ನಿಲ್ಲುವುದು ನನ್ನ ಕೆಲಸ. ಒಮ್ಮೊಮ್ಮೆ ಎದುರಿನವರು ಹಿಂದೆ ಕಾವಲಿಗೂ ಜನ ಇಡದೆ ಒಟ್ಟಿಗೆ ಎಸೆಯುವವನ ಮೇಲೆ ನುಗ್ಗುತ್ತಾರೆ. ಬ್ಲಿಟ್ಜ್ ಎಂದು ಅದರ ಹೆಸರು. ಅಂಕಲ್ ನನಗೆ ಹೇಳಿಕೊಟ್ಟಿದ್ದರು: "ಆಗ ನೀನು ಒಳಗಿನ ದಾರಿ ಮುಚ್ಚು, ಆಯ್ತಾ? ಹೊರಗಿಂದ ಸುತ್ತು ಹಾಕಿ ಬರ್ಲಿ. ಅವರು ಬರುವಷ್ಟರಲ್ಲಿ ನನ್ನ ಕೈಯಲ್ಲಿ ಚೆಂಡು ಇರುದಿಲ್ಲ. ಅವರು ಎಲ್ಲಿಂದ ಓಡಿ ಬಂದ್ರೋ ಆ ಜಾಗ ಖಾಲಿ ಅಲ್ವಾ? ಅಲ್ಲಿಗೇ ಹಾಕುದು."

ಎದುರಿನವರ ನಿಲುವು ನೋಡಿಯೇ ಅಂಕಲ್ಲಿಗೆ ಗೊತ್ತಾಗುತ್ತಿತ್ತು. "ಪೂರಾ ಬರ್ಪೆರ್!" ಎಂದು ತುಳುವಿನಲ್ಲಿ ಕೂಗುತ್ತಿದ್ದರು, ಎಲ್ಲರೂ ಬರುತ್ತಾರೆ ಎಂದು. ನಾನು ಒಳಗೆ ಸರಿಯುತ್ತಿದ್ದೆ. ಹಿಡಿಯಲು ನಿಂತ ಬಂಟ್ವಾಳದ ಡ್ರೈವರಣ್ಣ ದೂರ ಓಡುವುದು ಬಿಟ್ಟು ತಟ್ಟನೆ ಆ ಖಾಲಿ ಜಾಗಕ್ಕೆ ತಿರುಗುತ್ತಿದ್ದ. ಎದುರಿನ ತಂಡದಲ್ಲಿದ್ದವರು ಪಾಕಿಸ್ತಾನದವರು, ಫಿಲಿಪೈನ್ಸಿನವರು, ಇಬ್ಬರು ಒಮಾನಿಗಳು. ತುಳು ಯಾರಿಗೆ ತಿಳಿಯಬೇಕು? ತುಳುವರೇ ತುಂಬಿರುವ ಗಲ್ಫಿನಲ್ಲಿ ಕೂತು ಹಾಗೆ ನಂಬಿದ್ದೆವಲ್ಲ...

ಆದರೂ ಸೋಲುತ್ತಲೇ ಇದ್ದೆವು. ಒಬ್ಬೊಬ್ಬರೇ ಬೇಸತ್ತರು. ಒಂದು ಶುಕ್ರವಾರ ಆಟಕ್ಕೆ ಮೊದಲೇ ಡ್ರೈವರಣ್ಣ ಹೇಳಿಬಿಟ್ಟ: "ಅಂಕಲ್, ಇವತ್ತೂ ಸೋತ್ರೆ ಖಲಾಸ್. ಇರುದೊಂದು ರಜೆ, ಮನೆಯಲ್ಲಿ ಮಲಗ್ತೇವೆ." ಉಳಿದವರು ತಲೆಯಾಡಿಸಿದರು. ಅಂಕಲ್ ಚೆಂಡಿಗೆ ಎಣ್ಣೆ ತಿಕ್ಕುತ್ತಲೇ ಇದ್ದರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಶುಕ್ರವಾರ ಬಾಯಿ ಬಿಡದಿದ್ರೆ ನನಗೆ ಶನಿವಾರ ಸ್ವರವೇ ಬರುದಿಲ್ಲ ಮಾರಾಯ" ಎಂದು ನಕ್ಕರು. ನಾನೂ ನಕ್ಕೆ. ಆಗ ಅದು ತಮಾಷೆಯ ಮಾತೆಂದೇ ಅನಿಸಿತ್ತು.

ಅಂದು ನನ್ನೆದುರು ಹೊಸಬನೊಬ್ಬ ನಿಂತಿದ್ದ. ಅಂಕಲ್ "ಪೂರಾ ಬರ್ಪೆರ್!" ಎಂದು ಕೂಗಿದ್ದೇ, ಅವನು ಹಲ್ಲು ಬಿಟ್ಟು, "ಅಂದ್ ಅಂಕಲ್, ಬರ್ಪ!" ಎಂದ. ಹೌದು, ಬರ್ತೇವೆ ಎಂದು! ಪುತ್ತೂರಿನವನಂತೆ. ನಮ್ಮ ಡ್ರೈವರಣ್ಣ ನಿಂತಲ್ಲೇ ತಲೆ ಚಚ್ಚಿಕೊಂಡ. ಅಲ್ಲಿಂದ ಮುಂದೆ ಕೂಗಿದಾಗಲೆಲ್ಲ ಅವನು ತನ್ನವರಿಗೆ ಹೇಳುವುದು, ಅವರು ಹಿಂದೆ ಸರಿದು ಚೆಂಡು ಬೀಳುವ ಜಾಗದಲ್ಲೇ ಕಾಯುವುದು.

ಸಮಸಮ ಆಗಿ ಕೊನೆಯ ಸರದಿ ಉಳಿಯಿತು. ಅಂಕಲ್ ಡ್ರೈವರಣ್ಣನನ್ನೂ ನನ್ನನ್ನೂ ಹತ್ತಿರ ಕರೆದರು. "ಇನ್ನು ಬೊಬ್ಬೆ ಇಲ್ಲ. ಇವನ ಬೆನ್ನಿಗೆ ಕೈ ಇಟ್ಟೆ ಅಂದ್ರೆ ಎಲ್ಲರೂ ಬರ್ತಾರೆ ಅಂತ." ನನ್ನ ಕಡೆ ನೋಡಿ, "ನಿನ್ನ ಹೊಟ್ಟೆ ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ. ನನ್ನ ಕೈ ಅವರಿಗೆ ಕಾಣ್ಬಾರ್ದು."

ಬಗ್ಗಿ ನಿಂತೆ. ಬೆನ್ನಿನ ಮೇಲೆ ಅಂಗೈ ಬಿತ್ತು. ಬೆಚ್ಚಗೆ, ಜಿಡ್ಡಾಗಿ. ಮರುಕ್ಷಣ ಎಲ್ಲರೂ ನುಗ್ಗಿದರು. ನಾನು ಒಳಗೆ ಸರಿದು ಪುತ್ತೂರಿನವನಿಗೆ ಎದೆ ಕೊಟ್ಟೆ. ಅವನು ತಳ್ಳಿದ, ಜಲ್ಲಿಯ ಮೇಲೆ ನನ್ನ ಕಾಲು ಜಾರಿತು, ಆದರೆ ಬೀಳಲಿಲ್ಲ. ತಲೆಯ ಮೇಲಿಂದ ಏನೋ ಸುಯ್ಯೆಂದಿತು. ಅಷ್ಟೇ. ಆಮೇಲೆ ಡ್ರೈವರಣ್ಣನ ಗೆಲುವಿನ ಕೂಗು...

ಗೋಡೆಯಾಗಿ ನಿಂತವನಿಗೆ ಎಸೆಯುವವನು ಕಾಣುವುದಿಲ್ಲ. ಅಂಕಲ್ ಚೆಂಡು ಎಸೆಯುವುದನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿಲ್ಲ. ತಿರುಗಿದಾಗ ಅವರು ಖಾಲಿ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಪುತ್ತೂರಿನವನೂ ಸೇರಿ ಎಲ್ಲರೂ ಕರಕ್ ಚಹಾ ಕುಡಿದೆವು. ಹೊರಡುವಾಗ ಡ್ರೈವರಣ್ಣನೇ, "ಬರುವ ಶುಕ್ರವಾರ ಬೇಗ ಬರ್ಬೇಕಾ ಅಂಕಲ್?" ಎಂದು ಕೇಳಿದ. ಅಂಕಲ್ ಮುಖ ತಿರುಗಿಸಿ ಚೆಂಡನ್ನು ಚೀಲಕ್ಕೆ ತುರುಕಿದರು.

ಆ ಚಳಿಗಾಲ ಪೂರ್ತಿ ಆಡಿದೆವು. ಮತ್ತೆ ಅಂಕಲ್ಲಿಗೆ ವಯಸ್ಸಾಯಿತೆಂದು ಕೆಲಸ ಕೊಟ್ಟಿದ್ದ ಕಫೀಲ್ ವೀಸಾ ಮುಂದುವರಿಸಲಿಲ್ಲ, ಮಂಗಳೂರಿಗೆ ಹೋದರು. ಎಸೆಯುವವರಿಲ್ಲದೆ ಆಟ ತಾನಾಗಿ ನಿಂತಿತು. ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ಆಮೇಲೊಂದು ದಿನ ಡ್ರೈವರಣ್ಣ ಅವರ ಫೋಟೋ ಕಳಿಸಿದ. ಕೆಳಗೆ ಕೈಮುಗಿದ ಚಿತ್ರ ಮಾತ್ರ ಇತ್ತು. ಸ್ವಲ್ಪ ಕಾಲದಲ್ಲಿ ಅವನೂ ಊರು ಸೇರಿದ.

ಟೀಶರ್ಟು ಹಾಕಿಕೊಂಡು ನೋಡಿದೆ. ಹೊಟ್ಟೆಗೆ ಬಿಗಿ. ಹಾಕಿಕೊಂಡರೆ ಕಲೆ ಬೆನ್ನಿಗೆ ಹೋಗುತ್ತದೆ, ಕಾಣುವುದಿಲ್ಲ. ತೆಗೆದು ಮಡಿಸಿಟ್ಟು, ಹಳೆಯ ಪೇಪರು ಹಿಡಿದು ಕೆಳಗಿಳಿದೆ. ಮೈದಾನವಿದ್ದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಗಾಜು ಒರೆಸುತ್ತಿದ್ದಾಗ ವಾಚ್‌ಮನ್ ಹಾದುಹೋಗುತ್ತಾ, "ಕೈಸೇ ಹೋ ಭಾಯ್?" ಎಂದ.

ಶುಕ್ರವಾರವಿಡೀ ಮುಚ್ಚಿಯೇ ಇದ್ದ ಬಾಯಿ ತೆರೆದೆ. ಸ್ವರ ಬರಲಿಲ್ಲ. ಗಂಟಲು ಸರಿಮಾಡಿಕೊಂಡು ಉತ್ತರ ಹೇಳುವಷ್ಟರಲ್ಲಿ ಅವನು ಗೇಟು ದಾಟಿದ್ದ.