ಹಳ್ಳದ ಮೀನಿಗೆ ಬಿಟ್ಟ ದಾರಿ

ಈ ಶುಕ್ರವಾರ ಬೆಳಿಗ್ಗೆ ಮಂಡಕ್ಕಿಯ ಪೊಟ್ಟಣ ಬಿಚ್ಚಿದೆ. ಆ ಹುರಿದ ವಾಸನೆಗೆ ಕೆಳಗಿನ ಮನೆಯ ಬಾಯಮ್ಮ ನೆನಪಾದರು… ಒಮಾನಿನ ದಾರ್ಸೈಟ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೇ ಅವರಿದ್ದದ್ದು. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ರುಸೈಲ್‌ನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಇಗರ್ಜಿಗೆ ಹೋಗುವ ದಾರಿಯಲ್ಲೇ ದೇವಸ್ಥಾನದ ಹೊಳೆಯ ಮೀನುಗಳಿಗೆ ಮಂಡಕ್ಕಿ ಹಾಕುತ್ತ ಬೆಳೆದವರು. ಮೀನು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಆಗೆಲ್ಲ ರಜೆಗೆ ನಾಲ್ಕಾರು ಮನೆಯವರು ಸೇರಿ ನಿಜ್ವಾದ ಆಚೆಯ ಒಂದು ಹಳ್ಳಕ್ಕೆ ಹೋಗುತ್ತಿದ್ದೆವು. ಅಲ್ಲಿ ಬೆರಳುದ್ದದ ಮೀನುಗಳು, ಈ ಬೆಟ್ಟಗಳ ಹಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲದವು. ಒಂದು ಸಲ ಬಾಯಮ್ಮ ಮಂಡಕ್ಕಿ ಎಸೆದರು, ನಾವೂ ಎಸೆದೆವು. ಪುಣ್ಯದ ಕೆಲಸ ತಾನೇ! ಅದು ಅವರ ಆಫೀಸಿನ ಒಮಾನಿ ಸಹೋದ್ಯೋಗಿಯ ಊರು. ಅವನ ಅಜ್ಜ ಖರ್ಜೂರದ ತೋಟದಿಂದ ಬಂದು ನೋಡಿ, ನಕ್ಕು, ಮೊಮ್ಮಗನ ಬಾಯಲ್ಲಿ ಹೇಳಿಸಿದರು: ಇದು ಕೊಳೆತರೆ ನೀರು ಕೆಡುತ್ತದೆ, ಅವಕ್ಕೆ ಕಲ್ಲಿನ ಪಾಚಿ ಸಾಕು, ಬೇಕಾಗಿರುವುದು ದಾರಿ.

ದಂಡೆಗೆ ಬೇಲಿ ಹಾಕಿ ಪ್ರವಾಸಿಗರ ಕ್ಯಾಂಪ್ ಮಾಡಲು ಹೊರಟವನೊಬ್ಬ, ಕಾರು ಇಳಿಯಲೆಂದು ಹಳ್ಳಕ್ಕೆ ಅಡ್ಡವಾಗಿ ಕಲ್ಲು ಸುರಿಸಿದ್ದ. ಮೇಲಿನ ಹೊಂಡದಲ್ಲಿ ವರ್ಷವಿಡೀ ನೀರು. ಮೀನೆಲ್ಲ ಕೆಳಗೆ, ಬಿಸಿಲಿಗೆ ದಿನೇ ದಿನೇ ಬತ್ತುವ ಗುಂಡಿಯಲ್ಲಿ. ಹಾಗೇ ಬಿಟ್ಟರೆ ಒಂದೂ ಉಳಿಯುತ್ತಿರಲಿಲ್ಲ.

ಬಾಯಮ್ಮ ಮುಷ್ಟಿಯಲ್ಲಿದ್ದ ಮಂಡಕ್ಕಿಯನ್ನು ಚೀಲಕ್ಕೆ ವಾಪಸು ಹಾಕಿದರು. "ನಮ್ಮಲ್ಲಿ ಮೊದಲ ಮಳೆಗೆ ಉಬರ್ ಮೀನು ಗದ್ದೆಗೆ ಹತ್ತುದಿಲ್ವಾ ಮಾರಾಯ್ರೇ? ಇವಕ್ಕೂ ಹತ್ಲಿಕ್ಕೆ ಉಂಟು. ಕಲ್ಲು ತೆಗೆಯುವ."

ನಾನು ಪುಕ್ಕಲ. "ನಮಗ್ಯಾಕೆ ಬಾಯಮ್ಮ ಈ ಉಸಾಬರಿ? ಯಾರಾದ್ರೂ ಕೆಲಸ ಕೊಟ್ಟ ಕಫೀಲನಿಗೆ ದೂರು ಕೊಟ್ರೆ ವೀಸಾ ಖಲಾಸ್."

"ಅದಕ್ಕೇ ಕೇಳಿಯೇ ಮಾಡುವ. ಊರು ಅವರದ್ದಲ್ವಾ?"

ಕೇಳಿದ್ದು ಒಳ್ಳೆಯದೇ ಆಯಿತು. ಬೇಲಿಯ ಸುದ್ದಿಗೆ ಊರವರೂ ಕುದಿಯುತ್ತಿದ್ದರು. ಅಜ್ಜ ಹಿರಿಯರನ್ನು ಕರೆದುಕೊಂಡು ಸರಕಾರಿ ಕಚೇರಿಗೆ ಹೋದರು, ಒಂದಲ್ಲ, ಅನೇಕ ಸಲ. ದಂಡೆ ಎಲ್ಲರದ್ದು ಎಂದಾಯಿತು, ಕಲ್ಲು ತೆಗೆಯಲು ಒಪ್ಪಿಗೆಯೂ ಸಿಕ್ಕಿತು. ಜೆಸಿಬಿ ಇಳಿದರೆ ನೀರು ಕದಡಿ ಮೀನು ಸಾಯುತ್ತವೆಂದು ಅಜ್ಜ ಅದನ್ನು ಬಿಡಲಿಲ್ಲ. ಹಾಗಾಗಿ ಶುಕ್ರವಾರ ಬಂತೆಂದರೆ ಊರವರೂ ನಾವೂ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದೆವು. ನಡುವೆ ಬಾಯಮ್ಮ ಈರುಳ್ಳಿ, ತೆಂಗಿನೆಣ್ಣೆ ಹಾಕಿ ಅದೇ ಮಂಡಕ್ಕಿ ಕಲಸುತ್ತಿದ್ದರು. ಮೀನಿಗೆ ಬೇಡವೆಂದಿದ್ದ ಅಜ್ಜ ತಾವು ಮಾತ್ರ ಕೇಳಿ ಕೇಳಿ ತಿಂದರು.

ಮಳೆ ಬರುವ ಮೊದಲೇ ಬಾಯಮ್ಮನ ಕೆಲಸ ಮುಗಿದು ಅವರು ಊರಿಗೆ ಹೊರಟರು. ಆಮೇಲೆ ಬೆಟ್ಟದಲ್ಲಿ ಮಳೆ ಸುರಿಯಿತು, ಹೊಂಡದ ನೀರೂ ಗುಂಡಿಯ ನೀರೂ ಕೂಡಿಕೊಂಡವು. ನೀರು ತಿಳಿಯಾದಾಗ ಮೇಲಿನ ಹೊಂಡದ ಕಲ್ಲುಗಳ ಸುತ್ತ ಮೀನು! ವಿಡಿಯೋ ಕಳಿಸಿದೆ. ಅವರ ದನಿಯಲ್ಲೇ ಉತ್ತರ ಬಂತು: "ಉಬರ್ ಹತ್ತಿತಲ್ಲ! ಇನ್ನು ಹಿಡಿದು ಫ್ರೈ ಮಾಡ್ಬೇಡಿ, ಆಯ್ತಾ?"

ಕಳೆದ ವರ್ಷ ಬಾಯಮ್ಮ ಊರಲ್ಲಿ ತೀರಿಕೊಂಡರು… ಮೇಲಿನ ಹೊಂಡದ ಮೀನನ್ನು ಅವರು ಕಣ್ಣಾರೆ ನೋಡಲೇ ಇಲ್ಲ. ಆ ಸಂಕಟ ನನಗೆ ಈಗಲೂ ಇದೆ.

ಈ ಶುಕ್ರವಾರವೂ ಹಳ್ಳಕ್ಕೆ ಹೋದೆವು. ನೀರಲ್ಲಿ ಮರಿಮೀನುಗಳು ಓಡಾಡುತ್ತಿದ್ದವು. ಮಂಗಳೂರಿನಿಂದ ಹೊಸದಾಗಿ ಬಂದ ಹೆಂಗಸೊಬ್ಬರು ಅವನ್ನು ಕಂಡದ್ದೇ ಮುಷ್ಟಿ ತುಂಬ ಮಂಡಕ್ಕಿ ಎತ್ತಿದರು.

"ಆಂಟೀ, ನೋ ಫೀಡಿಂಗ್!" ಎಂದಳು ನನ್ನ ಮಗಳು.

"ಅದು ನಮಗೆ ತಿನ್ಲಿಕ್ಕೆ," ಎಂದೆ ನಾನು. "ಮೀನಿಗೆ ಬೇಕಾದ್ದನ್ನು ನಮ್ಮ ಬಾಯಮ್ಮ ಕೊಟ್ಟಾಗಿದೆ."

"ಯಾವ ಬಾಯಮ್ಮ?" ಎಂದರು ಆ ಹೆಂಗಸು.

ಕಲ್ಲು ಸರಿಸಿದ್ದ ಜಾಗದಲ್ಲಿ ನೀರು ಸಣ್ಣಗೆ ಇಳಿಯುತ್ತಿತ್ತು. ನಾನು ಅದನ್ನು ತೋರಿಸಿದೆ.